ಒಂದೇ ಫೋನ್, ಇಡೀ ತರಗತಿ: ಪ್ಲಿಕರ್ಸ್ ಕಾರ್ಡಿನ ಟಿಪ್ಪಣಿ

ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ) ಓದುತ್ತಿರುವವರಿಗೆ, ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಕೂತಿರುವವರಿಗೆ ಈ ಟಿಪ್ಪಣಿ. ಕುಮಟಾ, ಅಂಕೋಲಾ ಕಡೆಯ ಸಣ್ಣ ಶಾಲೆಗಳಲ್ಲಿ ಮಕ್ಕಳಿಗೆಲ್ಲ ಟ್ಯಾಬ್ ಎಲ್ಲಿಂದ ಬರಬೇಕು? ಟೀಚರ ಕೈಯಲ್ಲಿ ಒಂದು ಫೋನ್ ಇರುತ್ತದೆ, ಅಷ್ಟೇ. ಹಾಗಾಗಿ ಒಂದೇ ಫೋನಿನಲ್ಲಿ ನಡೆಯುವ ಸಾಧನವನ್ನೇ ಹಿಡಿದುಕೊಂಡಿದ್ದೇನೆ: ಪ್ಲಿಕರ್ಸ್ ಎಂಬ ಆ್ಯಪ್, ಅದರ ಜೊತೆಗೆ ಕಾಗದದ ಕಾರ್ಡುಗಳು.

ಕಾರ್ಡ್ ಎಂದರೇನು

ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡ್. ಅದರಲ್ಲಿ ಕಪ್ಪು ಬಿಳುಪಿನ ಚೌಕಳಿ ಚಿತ್ರ, ನಾಲ್ಕು ಅಂಚಿನಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ. ಟೀಚರ್ ಪ್ರಶ್ನೆ ಕೇಳುತ್ತಾರೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡ್ ಹಿಡಿಯುತ್ತದೆ. ಟೀಚರ್ ಫೋನಿನ ಕ್ಯಾಮೆರಾವನ್ನು ಎಲ್ಲರ ಮೇಲೆ ಒಮ್ಮೆ ಹಾಯಿಸಿದರೆ ಯಾರು ಏನು ಹೇಳಿದರು ಎಂಬುದು ಪರದೆಯ ಮೇಲೆ ಬರುತ್ತದೆ. 40 ಕಾರ್ಡುಗಳ ಸೆಟ್ ಉಚಿತವಾಗಿ ಸಿಗುತ್ತದೆ, ನಾವೇ ಪ್ರಿಂಟ್ ಹಾಕಿಸಿಕೊಳ್ಳಬೇಕು.

ನೋಡಲು ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಹಾಗೇ ಇದೆ, ಅಲ್ವಾ? ಕೆಲಸ ಮಾತ್ರ ಉಲ್ಟಾ. ಕ್ಯೂಆರ್ ಕೋಡ್ 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಮಾಡಿದ್ದು. ಅದರ ಮೂರು ಮೂಲೆಯಲ್ಲಿ ದೊಡ್ಡ ಚೌಕಗಳಿವೆ. ಅವುಗಳಿಂದ ಫೋನಿಗೆ ದಿಕ್ಕು ಗೊತ್ತಾಗುತ್ತದೆ, ಪುಸ್ತಕವನ್ನು ಹೇಗೇ ತಿರುಗಿಸಿ ಹಿಡಿದರೂ ಅದೇ ಪಾಠ ತೆರೆಯುತ್ತದೆ. ಪ್ಲಿಕರ್ಸ್ ಕಾರ್ಡಿನಲ್ಲಿ ಪಾಠವೂ ಇಲ್ಲ, ಲಿಂಕೂ ಇಲ್ಲ. ಇರುವುದು ಕಾರ್ಡಿನ ಸಂಖ್ಯೆ ಮಾತ್ರ. ಹಿಡಿದ ದಿಕ್ಕೇ ಉತ್ತರ.

ತಲೆ ತಿಂದ ಭಾಗ: ಕಾರ್ಡ್ ತಿರುಗಿಸುವುದು

ಮಗು ಚಿತ್ರವನ್ನು ತನ್ನ ಕಡೆ ಹಿಡಿದು, ಎ ಅಕ್ಷರವನ್ನು ಮೇಲೆ ತಂದುಕೊಂಡಿದೆ ಅಂದುಕೊಳ್ಳಿ. ಈಗ ಅದನ್ನು ಟೀಚರಿಗೆ ತೋರಿಸಬೇಕು. ತಿರುಗಿಸಲು ಎರಡು ದಾರಿ.

ಎಡದಿಂದ ಬಲಕ್ಕೆ ತಿರುಗಿಸಿದರೆ ಮೇಲಿನ ಅಂಚು ಮೇಲೆಯೇ ಉಳಿಯುತ್ತದೆ. ಉತ್ತರ ಸರಿಯಾಗಿ ದಾಖಲಾಗುತ್ತದೆ. ಗೋಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಹಾಗೆ ಮೇಲೆ ಕೆಳಗೆ ಮಾಡಿದರೆ ಎ ಕೆಳಗೆ ಹೋಗುತ್ತದೆ, ಎದುರಿನ ಅಂಚಿನ ಅಕ್ಷರ ಮೇಲೆ ಬರುತ್ತದೆ. ಮಗುವಿಗೆ ಉತ್ತರ ಗೊತ್ತು, ಆದರೆ ಪರದೆಯಲ್ಲಿ ತಪ್ಪು!

ಇಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಎಡ ಬಲ ತಿರುಗಿಸಿದಾಗ ಕನ್ನಡಿಯಲ್ಲಾಗುವಂತೆ ಅಕ್ಕಪಕ್ಕದ ಅಕ್ಷರಗಳು ಅದಲುಬದಲಾಗುವುದಿಲ್ವಾ? ಇಲ್ಲ. ಮಗುವಿನ ಬಲಕ್ಕಿದ್ದ ಅಂಚು ಈಗ ಮಗುವಿನ ಎಡಕ್ಕೆ ಹೋಗಿದೆ, ನಿಜ. ಆದರೆ ಟೀಚರ್ ಎದುರಿಗೆ ನಿಂತಿದ್ದಾರೆ. ಮಗುವಿನ ಎಡ ಎಂದರೆ ಟೀಚರ ಬಲ. ಎರಡು ಸಲ ಬದಲಾದದ್ದು ಮೊದಲಿನ ಹಾಗೇ ಆಯಿತು. ಮಗು ನೋಡಿದ ಚಿತ್ರವೇ ಕ್ಯಾಮೆರಾಕ್ಕೂ ಕಾಣುತ್ತದೆ. ನಂಬಿಕೆ ಬರದಿದ್ದರೆ ಒಂದು ಇಸ್ಪೀಟ್ ಎಲೆ ಹಿಡಿದು ಗೆಳತಿಯನ್ನು ಎದುರು ಕೂರಿಸಿಕೊಂಡು ನೋಡಿ.

ಇದನ್ನೆಲ್ಲ ಮೂರನೇ ತರಗತಿಯ ಮಗುವಿಗೆ ಹೇಳಿಕೊಂಡು ಕೂರಲು ಆಗುವುದಿಲ್ಲ. ಅದಕ್ಕೆ ನನ್ನ ಮೆಚ್ಚಿನ ಉಪಾಯ: ತಿರುಗಿಸುವ ಕೆಲಸವನ್ನೇ ತೆಗೆದುಬಿಡಿ. ಕಾರ್ಡಿನ ಹಿಂಬದಿಯಲ್ಲೂ ಆಯಾ ಅಂಚಿಗೆ ಆಯಾ ಅಕ್ಷರವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಚಿತ್ರ ಯಾವಾಗಲೂ ಟೀಚರ ಕಡೆ. ಮಗು ಹಿಂಬದಿ ನೋಡಿಕೊಂಡು ತನ್ನ ಅಕ್ಷರವನ್ನು ಮೇಲೆ ತಂದರೆ ಮುಗಿಯಿತು. ಅಕ್ಷರ ಸಣ್ಣದಿರಲಿ, ಇಲ್ಲವಾದರೆ ಹಿಂದಿನ ಬೆಂಚಿನವರು ನಕಲು ಹೊಡೆಯುತ್ತಾರೆ. ಇನ್ನೊಂದು ಲಾಭ: ಇಂಗ್ಲಿಷ್ ಅಕ್ಷರ ಇನ್ನೂ ಗಟ್ಟಿಯಾಗದ ಮಕ್ಕಳಿಗೆ ಎ, ಬಿ, ಸಿ, ಡಿ ಜಾಗದಲ್ಲಿ ಅ, ಆ, ಇ, ಈ ಬರೆಯಬಹುದು. ಪ್ರೊಜೆಕ್ಟರ್ ಇಲ್ಲದಿದ್ದರೆ ಆಯ್ಕೆಗಳನ್ನು ಹೇಗೂ ಕರಿಹಲಗೆಯ ಮೇಲೆ ನಾವೇ ಬರೆಯುತ್ತೇವಲ್ಲ.

ಪ್ರಶ್ನೆ ಹೇಗಿರಬೇಕು

ತಪ್ಪು ಆಯ್ಕೆಗಳೇ ಇಲ್ಲಿ ಮುಖ್ಯ. 1/3, 1/8 ಇವುಗಳಲ್ಲಿ ಯಾವುದು ದೊಡ್ಡದು? ಅ) 1/3, ಆ) 1/8, ಇ) ಎರಡೂ ಒಂದೇ, ಈ) ಗೊತ್ತಾಗಲಿಲ್ಲ. 'ಆ' ತೋರಿಸಿದ ಮಗು 8 ದೊಡ್ಡದು ಎಂದಷ್ಟೇ ನೋಡಿರಬಹುದು. 'ಇ' ತೋರಿಸಿದ್ದು ಮೇಲಿನ 1 ಮಾತ್ರ ನೋಡಿರಬಹುದು. ಎರಡಕ್ಕೂ ಬೇರೆ ಬೇರೆ ವಿವರಣೆ ಬೇಕು. 'ಗೊತ್ತಾಗಲಿಲ್ಲ' ಎಂಬ ಆಯ್ಕೆಯನ್ನೂ ಇಟ್ಟರೆ ಸುಮ್ನೆ ಊಹಿಸುವುದು ಸ್ವಲ್ಪ ಕಡಿಮೆಯಾಗುತ್ತದೆ.

ಸರಿಯುತ್ತರವನ್ನು ತಕ್ಷಣ ಹೇಳಬೇಡಿ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ ಕಾಲೇಜು ಮಕ್ಕಳಿಗಾಗಿ ಒಂದು ಕ್ರಮ ರೂಪಿಸಿದರು. ಸರಿ ಹೇಳಿದವರು ಸುಮಾರು 30ರಿಂದ 70 ಶೇಕಡಾ ಇದ್ದರೆ ಪಕ್ಕದವರೊಡನೆ ಚರ್ಚೆ, ಆಮೇಲೆ ಮತ್ತೆ ಅದೇ ಪ್ರಶ್ನೆ. 20 ಮಕ್ಕಳಿದ್ದರೆ 6ರಿಂದ 14. ಪ್ರಾಥಮಿಕಕ್ಕೂ ಇದು ಹೊಂದುತ್ತದೆ ಅಂತ ನನ್ನ ಅನಿಸಿಕೆ, ಗಲಾಟೆ ಮಾತ್ರ ಸ್ವಲ್ಪ ಜಾಸ್ತಿ.

ಪರೀಕ್ಷೆಗೆ: ರೂಪಣಾತ್ಮಕ ಮೌಲ್ಯಮಾಪನ (ಫಾರ್ಮೇಟಿವ್ ಅಸೆಸ್‌ಮೆಂಟ್, ಎಫ್‌ಎ) ಎಂದೊಡನೆ ಎಫ್‌ಎ-1, ಎಫ್‌ಎ-2 ಅಂಕಗಳಷ್ಟೇ ನೆನಪಾಗುತ್ತವೆ. ಕಲಿಕೆಯ ನಡುವೆ ಮಕ್ಕಳಿಗೆ ಏನು ಅರ್ಥವಾಗಿದೆ ಎಂದು ಹೀಗೆ ತಿಳಿದುಕೊಂಡು ಮುಂದಿನ ಪಾಠವನ್ನು ಬದಲಿಸುವುದೂ ಅದೇ.

ಮಳೆಗಾಲಕ್ಕೆ

ಜೂನಿನಿಂದ ನಮ್ಮ ಕರಾವಳಿಯಲ್ಲಿ ಕಾಗದ ಮೆತ್ತಗಾಗುತ್ತದೆ. ಹಾಗಂತ ಮಿನುಗುವ ಲ್ಯಾಮಿನೇಶನ್ ಮಾಡಿಸಿದರೆ ಬೆಳಕು ಹೊಡೆದು ಕ್ಯಾಮೆರಾ ಓದುವುದಿಲ್ಲ. ಹೊಳಪಿಲ್ಲದ್ದು ಕೇಳಿ. ಮೋಡ ಕವಿದ ದಿನ ಹಂಚಿನ ಕೋಣೆ ಕತ್ತಲು. ಟೀಚರ್ ಕಿಟಕಿಗೆ ಬೆನ್ನು ಹಾಕಿ ನಿಂತರೆ ಬೆಳಕು ಕಾರ್ಡುಗಳ ಮೇಲೆ ಬೀಳುತ್ತದೆ. ಬೆರಳು ಚಿತ್ರದ ಮೇಲೆ ಬರಬಾರದು.

ಪ್ರಶ್ನೆಗಳನ್ನು ಹಿಂದಿನ ದಿನವೇ ಸಿಗ್ನಲ್ ಇರುವಲ್ಲಿ ಪ್ಲಿಕರ್ಸಿಗೆ ಹಾಕಿಡಿ. 2017ರಲ್ಲಿ ಶುರುವಾದ, ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪಿನ ವಿಡಿಯೋಗಳಿಗೂ ಇದೇ ಮಾತು, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಪ್ಲಿಕರ್ಸ್ ಆ್ಯಪಿನಲ್ಲಿ ಮಕ್ಕಳ ಪೂರ್ತಿ ಹೆಸರು ಬೇಕಿಲ್ಲ, ಹಾಜರಿ ಸಂಖ್ಯೆ ಸಾಕು. ಹಾಜರಿ ಸಂಖ್ಯೆ, ಕಾರ್ಡಿನ ಸಂಖ್ಯೆ ಎರಡೂ ಒಂದೇ ಇಟ್ಟುಕೊಂಡರೆ, ಯಾರದ್ದಾದರೂ ಕಾರ್ಡ್ ಕಳೆದಾಗ ಆ ಒಂದನ್ನೇ ಮತ್ತೆ ಪ್ರಿಂಟ್ ಹಾಕಿಸಬಹುದು.