ಯಾವ ತಿಂಗಳು ಎನ್ನುವ ಮೊದಲು ಯಾವ ಗಾಳಿ ಎಂದು ಕೇಳಿ

ಮೈಸೂರಿನ ನಮ್ಮ ಪ್ರವಾಸ ಕಚೇರಿಗೆ ಬರುವ ಕುಟುಂಬಗಳಲ್ಲಿ ಹೆಚ್ಚಿನವರು ಕುಳಿತ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಅಂಡಮಾನಿಗೆ ಯಾವ ತಿಂಗಳು ಒಳ್ಳೆಯದು ಸಾರ್?" ಬಾಲಿ, ಶ್ರೀಲಂಕಾ, ಮಾಲ್ಡೀವ್ಸ್ ಎಂದು ಹೆಸರು ಬದಲಾಗಬಹುದು, ಪ್ರಶ್ನೆ ಬದಲಾಗುವುದಿಲ್ಲ. ಊಟಿಗೋ ಶಿಮ್ಲಾಕ್ಕೋ ಹೊರಟವರು ಚಳಿ, ಸೆಖೆ ನೋಡಿ ತಿಂಗಳು ಗೊತ್ತು ಮಾಡಿಕೊಳ್ಳಬಹುದು. ಉಷ್ಣವಲಯದ ದ್ವೀಪಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ವರ್ಷದುದ್ದಕ್ಕೂ ಸೆಖೆ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಗಾಳಿಯ ದಿಕ್ಕು, ಅದರ ಬೆನ್ನಿಗೆ ಬರುವ ಮಳೆ ಮತ್ತು ಕಡಲಿನ ಅಲೆ. ಆದ್ದರಿಂದ ನಾನು ಬಂದವರಿಗೆ ತಿಂಗಳಿನ ಹೆಸರು ಹೇಳುವ ಮೊದಲು, ಆ ಹೊತ್ತಿಗೆ ಅಲ್ಲಿ ಯಾವ ಗಾಳಿ ಬೀಸುತ್ತಿರುತ್ತದೆ ಮತ್ತು ಅವರು ಉಳಿಯಬೇಕೆಂದಿರುವ ದಡ ಆ ಗಾಳಿಗೆ ಎದುರಾಗಿದೆಯೋ ಮರೆಯಲ್ಲಿದೆಯೋ ಎಂಬುದನ್ನು ವಿವರಿಸುತ್ತೇನೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಹೊಸ ವಿದ್ಯೆಯೇನೂ ಬೇಕಿಲ್ಲ. ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಆರದೆ ಹುಯ್ಯುವಾಗ ಮಡಿಕೇರಿಯಲ್ಲಿ ಕೊಡೆ ಮಡಚಲು ಬಿಡುವಿರುವುದಿಲ್ಲ. ಅದೇ ದಿನ ಮಂಡ್ಯದ ರೈತರು ತುಂತುರನ್ನಷ್ಟೇ ಕಂಡು, ಕೃಷ್ಣರಾಜಸಾಗರದ ನೀರಿನ ಮಟ್ಟ 124.80 ಅಡಿಯತ್ತ ಎಷ್ಟು ಏರಿತು ಎಂದು ವಿಚಾರಿಸುತ್ತಿರುತ್ತಾರೆ. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ನೂರಿಪ್ಪತ್ತು ಕಿಲೋಮೀಟರ್ ದೂರದ ಮೈಸೂರಿಗೆ ಬೀಳುವುದು ಸುಮಾರು 800. ಪಶ್ಚಿಮ ಘಟ್ಟಗಳು ನೈರುತ್ಯದ ಗಾಳಿಯನ್ನು ತಡೆದು ಮೇಲೇರಿಸಿ, ಅದರ ನೀರನ್ನು ಆಚೆ ಮಗ್ಗುಲಲ್ಲೇ ಇಳಿಸಿಕೊಳ್ಳುವುದು ಇದಕ್ಕೆ ಕಾರಣ. ಶ್ರೀಲಂಕಾದಲ್ಲಿಯೂ ನಡೆಯುವುದು ಇದೇ. ದ್ವೀಪದ ನಡುವೆ ನುವಾರ ಎಲಿಯ ಸುತ್ತಿನ ಎತ್ತರದ ಬೆಟ್ಟಗಳಿವೆ. ಮೇ ಉತ್ತರಾರ್ಧದಿಂದ ಸೆಪ್ಟೆಂಬರಿನವರೆಗೆ ಬೀಸುವ ನೈರುತ್ಯದ ಗಾಳಿ ಕೊಲಂಬೊ, ಬೆಂಟೋಟ, ಗಾಲ್, ಮಿರಿಸ್ಸದ ಕಡೆಗೆ ಮಳೆಯನ್ನೂ ಒರಟು ಕಡಲನ್ನೂ ತಂದರೆ, ಬೆಟ್ಟದ ಮರೆಯಲ್ಲಿರುವ ಟ್ರಿಂಕೋಮಲಿ, ನಿಲಾವೇಲಿ, ಪಾಸಿಕುಡದ ದಡಗಳು ಬಿಸಿಲಲ್ಲಿ ಶಾಂತವಾಗಿರುತ್ತವೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಈಶಾನ್ಯದ ಗಾಳಿ ಬಂದಾಗ ಸ್ಥಿತಿ ತಿರುಗುಮುರುಗಾಗಿ ಪೂರ್ವದ ದಡ ನೆನೆಯುತ್ತದೆ, ಮಿರಿಸ್ಸದ ಬಳಿ ತಿಮಿಂಗಿಲ ನೋಡುವ ದೋಣಿಗಳು ಹೊರಡುತ್ತವೆ. "ಶ್ರೀಲಂಕಾದಲ್ಲಿ ಜುಲೈ ಮಳೆಗಾಲ" ಎಂದು ಯಾರೋ ಹೇಳಿದ್ದನ್ನು ನಂಬಿ ಪ್ರವಾಸವನ್ನೇ ಕೈಬಿಟ್ಟವರನ್ನು ನಾನು ಬಲ್ಲೆ. ಅವರು ಕೈಬಿಡಬೇಕಾಗಿದ್ದದ್ದು ಪಶ್ಚಿಮದ ದಡವನ್ನು ಮಾತ್ರ.

ಅಂಡಮಾನಿನಲ್ಲಿ ಹೀಗೆ ಮಗ್ಗುಲು ಬದಲಿಸಿ ಮಳೆಯಿಂದ ತಪ್ಪಿಸಿಕೊಳ್ಳುವ ಅವಕಾಶ ಕಡಿಮೆ. ಕಿರಿದಾದ ಆ ದ್ವೀಪಗಳಿಗೆ ಮುಂಗಾರು, ಹಿಂಗಾರು ಎರಡೂ ತಗಲುತ್ತವೆ. ನೈರುತ್ಯ ಮಾರುತ ಕೇರಳವನ್ನು ಮುಟ್ಟುವ ಮೊದಲೇ, ಮೇ ತಿಂಗಳ ಮೂರನೆಯ ವಾರದ ಸುಮಾರಿಗೆ, ಅಲ್ಲಿಗೆ ತಲುಪುತ್ತದೆ. ನವೆಂಬರ್ ಕಳೆದರೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ನಮ್ಮಲ್ಲಿ ಮುತ್ತಿನ ಬೆಳೆ ತರುವ ಸ್ವಾತಿ ಮಳೆಯ ದಿನಗಳು ಅಲ್ಲಿ ಹಡಗಿನವರಿಗೆ ಆತಂಕದ ದಿನಗಳು. ಉಳಿದದ್ದು ಜನವರಿಯಿಂದ ಏಪ್ರಿಲ್. ಅದರಲ್ಲಿಯೂ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಕಡಲು ಸಮತಟ್ಟಾಗಿ, ನೀರು ತಿಳಿಯಾಗಿ, ಹವಳದ ದಿಬ್ಬಗಳು ಚೆನ್ನಾಗಿ ಕಾಣುತ್ತವೆ. ಹೊಸ ವರ್ಷದ ನೂಕುನುಗ್ಗಲೂ ಆಗ ಇಳಿದಿರುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ವೃತ್ತಿಗೆ ಬಂದ ಹೊಸತರಲ್ಲಿ, ಮಕ್ಕಳ ಶಾಲೆ ತೆರೆಯುವ ಮುನ್ನ ಹೋಗಿಬರಬೇಕೆಂದ ಒಂದು ಕುಟುಂಬವನ್ನು ನಾನು ಮೇ ಕೊನೆಯ ವಾರ ಅಂಡಮಾನಿಗೆ ಕಳಿಸಿದೆ. ಮಳೆ ಬಂದರೆ ಒಂದೆರಡು ಗಂಟೆ ಬಂದು ನಿಲ್ಲುತ್ತದೆ ಎಂದು ಧೈರ್ಯವನ್ನೂ ಹೇಳಿದೆ. ಮಳೆ ನಿಂತಿತು, ಗಾಳಿ ನಿಲ್ಲಲಿಲ್ಲ. ಪೋರ್ಟ್ ಬ್ಲೇರಿನಿಂದ ಹ್ಯಾವ್ಲಾಕ್ ದ್ವೀಪಕ್ಕೆ ಹೋಗಬೇಕಾಗಿದ್ದ ಹಡಗು ಎರಡು ದಿನ ಹೊರಡಲಿಲ್ಲ. ಕಾದಿರಿಸಿದ್ದ ಕೋಣೆ ಅಲ್ಲಿ, ಕುಟುಂಬ ಇಲ್ಲಿ. ದ್ವೀಪದ ಪ್ರವಾಸವನ್ನು ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಗಾಳಿ ಎಂಬುದನ್ನು ನಾನು ಅವರ ಖರ್ಚಿನಲ್ಲಿ ಕಲಿತೆ, ಆ ನೋವು ಇನ್ನೂ ಇದೆ. ಅಂದಿನಿಂದ ಮಳೆಯ ಮುನ್ಸೂಚನೆಯೊಂದಿಗೆ ಗಾಳಿಯ ವೇಗವನ್ನೂ ಅಲೆಯ ಎತ್ತರವನ್ನೂ ನೋಡದೆ ನಾನು ಹಡಗಿನ ಟಿಕೆಟ್ ಮಾಡಿಸಿಲ್ಲ.

ಒಳ್ಳೆಯ ಕಾಲವೆನಿಸಿಕೊಂಡದ್ದರ ಅಂಚಿನಲ್ಲಿಯೂ ಎಚ್ಚರ ಬೇಕು. ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ ಮತ್ತು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. 2016ರ ಡಿಸೆಂಬರ್ ಮೊದಲ ವಾರದಲ್ಲಿ, ಮುಂದೆ ವರ್ದಾ ಚಂಡಮಾರುತವಾಗಿ ಚೆನ್ನೈಗೆ ಅಪ್ಪಳಿಸಿದ ವಾಯುಭಾರ ಕುಸಿತದಿಂದಾಗಿ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ಕರೆತರಬೇಕಾಯಿತು. (ಆ ದ್ವೀಪಗಳಿಗೆ ಈಗ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದೂ, ಪೋರ್ಟ್ ಬ್ಲೇರಿಗೆ ಶ್ರೀ ವಿಜಯಪುರಂ ಎಂದೂ ಹೆಸರು, ಟಿಕೆಟಿನಲ್ಲಿ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ.) ಯಾವ ತಿಂಗಳಾದರೂ ಸರಿ, ಚಿಕ್ಕ ದ್ವೀಪದಿಂದ ಮರಳುವ ದಿನಕ್ಕೂ ಊರಿಗೆ ಹಾರುವ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡುವಿಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಸಮಭಾಜಕ ವೃತ್ತ ದಾಟಿ ದಕ್ಷಿಣಕ್ಕೆ ಹೋದರೆ ಪಂಚಾಂಗವೇ ತಲೆಕೆಳಗು. ಬಾಲಿಯಲ್ಲಿ ನವೆಂಬರಿನಿಂದ ಮಾರ್ಚ್ ಮಳೆಗಾಲ, ಏಪ್ರಿಲಿನಿಂದ ಅಕ್ಟೋಬರ್ ಒಣಹವೆ; ನಮ್ಮ ಬೇಸಿಗೆ ರಜೆಗೂ ದಸರಾ ರಜೆಗೂ ಇದಕ್ಕಿಂತ ಚೆನ್ನಾಗಿ ಹೊಂದುವ ದ್ವೀಪ ಇನ್ನೊಂದಿಲ್ಲ. ಯುಗಾದಿಯ ಆಸುಪಾಸಿನಲ್ಲಿ ಹೋಗುವವರು ಮಾತ್ರ ಒಂದು ವಿಷಯ ತಿಳಿದಿರಬೇಕು. ನಾವು ಎಣಿಸುವ ಶಾಲಿವಾಹನ ಶಕ ವರ್ಷವನ್ನೇ ಬಾಲಿಯ ಹಿಂದೂಗಳೂ ಎಣಿಸುತ್ತಾರೆ. ಅವರ ಹೊಸ ವರ್ಷದ ದಿನ ನ್ಯೆಪಿ. ಅದು ಮೌನದ ದಿನ. ಇಡೀ 24 ಗಂಟೆ ವಿಮಾನ ನಿಲ್ದಾಣ ಮುಚ್ಚಿರುತ್ತದೆ, ಬೀದಿಗಳು ಖಾಲಿ, ಪ್ರವಾಸಿಗರೂ ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. 2026ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಮಾರ್ಚ್ 19ರಂದೇ ಬಂದವು. ಆ ಮೌನವನ್ನು ಅನುಭವಿಸಲೆಂದೇ ಹೋಗುವುದಾದರೆ ಬಹಳ ಸೊಗಸು. ತಿಳಿಯದೆ ಆ ದಿನಕ್ಕೆ ಟಿಕೆಟ್ ಹುಡುಕುವುದು ವ್ಯರ್ಥ.

ಉಳಿದವನ್ನು ಬೇಗ ಹೇಳಬಹುದು. ಲಕ್ಷದ್ವೀಪಕ್ಕೆ ಪರವಾನಗಿ ಬೇಕು, ಮುಂಗಾರಿನಲ್ಲಿ ಹಡಗುಗಳ ಓಡಾಟವೂ ಕುಗ್ಗುತ್ತದೆ. ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಸೂಕ್ತ, ಆದರೆ 2017ರ ಓಖಿ ಚಂಡಮಾರುತ ಅಲ್ಲಿಗೆ ಬಂದದ್ದು ಡಿಸೆಂಬರಿನ ಆರಂಭದಲ್ಲಿ ಎಂಬುದು ನೆನಪಿರಲಿ. ಮಾಲ್ಡೀವ್ಸ್ ಡಿಸೆಂಬರಿನಿಂದ ಏಪ್ರಿಲಿನವರೆಗೆ ಒಣಗಿರುತ್ತದೆ, ದುಬಾರಿಯೂ ಆಗಿರುತ್ತದೆ. ಹನಿಫಾರು ಕೊಲ್ಲಿಯಲ್ಲಿ ಮಾಂಟಾ ಮೀನುಗಳು ಹಿಂಡುಗಟ್ಟುವುದನ್ನು ನೋಡಬೇಕೆನ್ನುವವರು ಮಾತ್ರ ಮಳೆಗಾಲದಲ್ಲೇ ಹೋಗಬೇಕು. ಥಾಯ್ಲೆಂಡಿನ ಫುಕೆಟ್ ನವೆಂಬರ್ ಕೊನೆಯಿಂದ ಸೊಗಸು, ಅದೇ ದೇಶದ ಕೊ ಸಮುಯಿಯಲ್ಲಿ ಆಗ ಜೋರು ಮಳೆ.

ಮಂಡ್ಯ, ಪಾಂಡವಪುರದ ಕಡೆಯ ರೈತ ಕುಟುಂಬಗಳು ಬಂದಾಗ ನನಗೆ ಕೆಲಸ ಹಗುರ. ಅವರಿಗೆ ಶಾಲೆಯ ರಜೆಗಿಂತ ಹೊಲದ ಬಿಡುವು ಮುಖ್ಯ. ಸಂಕ್ರಾಂತಿಯ ಸುಗ್ಗಿ ಮುಗಿದ ಮೇಲಿನ ಆ ಬಿಡುವು ಅಂಡಮಾನಿನ ಒಳ್ಳೆಯ ವಾರಗಳಿಗೆ ಸರಿಯಾಗಿ ಕೂಡುತ್ತದೆ. ಅಂಥವರಲ್ಲಿ ವಯಸ್ಸಾದವರು ಇದ್ದರೆ ಇನ್ನೊಂದು ಮಾತನ್ನು ತಪ್ಪದೆ ಹೇಳುತ್ತೇನೆ. ಅಂಡಮಾನ್ ನಮ್ಮಿಂದ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆದ್ದರಿಂದ, ಅಲ್ಲಿ ಮೈಸೂರಿಗಿಂತ ಒಂದು ಗಂಟೆ ಮೊದಲೇ ಕತ್ತಲಾಗುತ್ತದೆ. ಬೆಳಿಗ್ಗೆ 6 ಗಂಟೆಯ ತಂಪಿನಲ್ಲೇ ದಡಕ್ಕೆ ಹೊರಡಿ, ಮಧ್ಯಾಹ್ನ ಕೋಣೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ, ಸೂರ್ಯಾಸ್ತ ನೋಡಲು ಪಶ್ಚಿಮಕ್ಕೆ ಮುಖ ಮಾಡಿರುವ ರಾಧಾನಗರ ಕಡಲತೀರಕ್ಕೆ 4 ಗಂಟೆಯೊಳಗೆ ತಲುಪಿ.