ಅಂಡನಾಳಕ್ಕೆ ಕಟ್ಟಿದ ತೋರಣ

"ಟ್ಯೂಬು ಬ್ಲಾಕ್ ಆಗಿತ್ತಂತೆ, ಅದಕ್ಕೇ ಬಸಿರು ಅಲ್ಲೇ ನಿಂತುಬಿಟ್ಟಿತು." ಬೀದರಿನ ನಮ್ಮ ಓಣಿಯ ಮನೆಯೊಂದರಲ್ಲಿ ಓದಿದವರೊಬ್ಬರು ಹೀಗೆ ಹೇಳಿದರು. ಪಕ್ಕದಲ್ಲಿದ್ದ ಅಜ್ಜಿ, ಗ್ರಹಣದ ದಿನ ಆ ಹುಡುಗಿ ಈಳಿಗೆ ಮುಟ್ಟಿದ್ದಳೆಂದು ನೆನಪಿಸಿದರು. ಗ್ರಹಣಕ್ಕೂ ಈಳಿಗೆಗೂ ಬಸಿರಿಗೂ ಯಾವ ನಂಟೂ ಇಲ್ಲ, ಅದನ್ನು ಬಿಡೋಣ. ನನ್ನನ್ನು ಕಾಡಿದ್ದು ಓದಿದವರ ಮಾತು. ಅವರು ಟ್ಯೂಬು ಎಂದದ್ದು ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಅಂಡ ಸಾಗುವ ಅಂಡನಾಳವನ್ನು; ಬಸಿರು ಗರ್ಭಕೋಶ ಸೇರದೆ ಅಲ್ಲೇ ನಿಂತಿತ್ತು. ನಾಳ ಪೂರ್ತಿ ಮುಚ್ಚಿದ್ದರೆ ವೀರ್ಯಾಣು ಅಂಡದ ಬಳಿಗೆ ಹೋದದ್ದು ಯಾವ ದಾರಿಯಿಂದ? ಎರಡೂ ನಾಳಗಳು ಪೂರ್ತಿ ಮುಚ್ಚಿದರೆ ಸಹಜವಾಗಿ ಬಸಿರೇ ನಿಲ್ಲುವುದಿಲ್ಲ. ನಾಳದಲ್ಲಿ ಬಸಿರು ನಿಲ್ಲುವುದು ಸಾಮಾನ್ಯವಾಗಿ ನಾಳ ಅರ್ಧ ಕೆಟ್ಟಾಗ: ವೀರ್ಯಾಣುವಿಗೆ ದಾರಿ ಇರುತ್ತದೆ, ಭ್ರೂಣವನ್ನು ದಾಟಿಸುವ ಶಕ್ತಿ ಇರುವುದಿಲ್ಲ.

ಕೆಡಿಸುವುದರಲ್ಲಿ ದೊಡ್ಡ ಪಾಲು ಉರಿಯೂತದ್ದು. ಈ ಕನ್ನಡ ಪದ ನನಗೆ ಬಹಳ ಇಷ್ಟ. ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಮೊದಲ ಶತಮಾನದಲ್ಲಿ ಉರಿಯೂತಕ್ಕೆ ಕೆಂಪು, ಬಾವು, ಬಿಸಿ, ನೋವು ಎಂಬ ನಾಲ್ಕು ಗುರುತು ಹೇಳಿದ್ದ. ಉರಿ ಮತ್ತು ಊತ ಎರಡನ್ನು ನಮ್ಮವರು ಒಂದೇ ಪದದಲ್ಲಿ ಕಟ್ಟಿದ್ದಾರೆ. ತೊಂದರೆಯೆಂದರೆ ಅಂಡನಾಳದ ಉರಿಯೂತದಲ್ಲಿ ಈ ಗುರುತುಗಳು ಬಹಳ ಸಲ ಕಾಣುವುದೇ ಇಲ್ಲ. ಲೈಂಗಿಕ ಸಂಪರ್ಕದಿಂದ ಬರುವ ಕ್ಲಾಮಿಡಿಯಾ ಎಂಬ ಬ್ಯಾಕ್ಟೀರಿಯಾ ಹೆಚ್ಚಿನ ಹೆಂಗಸರಲ್ಲಿ ನೋವಿಲ್ಲದೆ, ಜ್ವರವಿಲ್ಲದೆ ಗರ್ಭಕೊರಳಿನಿಂದ ಮೇಲಕ್ಕೆ ಹತ್ತುತ್ತದೆ. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. ಅದು ಜನನಾಂಗಕ್ಕೆ ತಗುಲಿದರೆ ಹೆಚ್ಚುಕಡಿಮೆ ಪ್ರತಿ ಸಲವೂ ಅಂಡನಾಳವನ್ನು ಹಿಡಿಯುತ್ತದೆ.

ಇಟಲಿಯ ಅಂಗರಚನಾ ತಜ್ಞ ಫಾಲೋಪಿಯೋ 1561ರಲ್ಲಿ ಈ ನಾಳವನ್ನು ವರ್ಣಿಸಿ ತುತ್ತೂರಿಗೆ ಹೋಲಿಸಿದ. ಆತ ಬೀದರಿನವನಾಗಿದ್ದರೆ ನೌಬಾದಿನ ಕರೇಜ್‌ಗೆ ಹೋಲಿಸುತ್ತಿದ್ದನೇನೋ. ಬಹಮನಿಗಳ ಕಾಲದ ಈ ಸುರಂಗ ಕಾಲುವೆ ನೆಲದಡಿಯಲ್ಲಿ ಸಣ್ಣ ಇಳಿಜಾರಿನಲ್ಲಿ ನೀರು ಹರಿಸುತ್ತಿತ್ತು. ಹೂಳು ತುಂಬಿದಾಗ ಕಾಲುವೆ ಒಮ್ಮೆಲೇ ನಿಲ್ಲುವುದಿಲ್ಲ, ಹರಿವು ಮಂದವಾಗುತ್ತದೆ. ನಾಳದಲ್ಲೂ ಹಾಗೆಯೇ. ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ, ಏಕೆಂದರೆ ನಾಳದಲ್ಲಿ ಇಳಿಜಾರಿಲ್ಲ. ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ, ಗರ್ಭಕೋಶದ ಹತ್ತಿರ ಒಂದು ಮಿಲಿಮೀಟರಿನಷ್ಟು ಕಿರಿದಾಗುವ ಆ ದಾರಿಯಲ್ಲಿ ಭ್ರೂಣವನ್ನು ಯಾರಾದರೂ ಸಾಗಿಸಲೇಬೇಕು. ಹಿಂಗಾರಿನ ಜೋಳದ ಹೊಲವನ್ನು ನೆನೆಸಿಕೊಳ್ಳಿ: ತೆನೆಗಳೆಲ್ಲ ಒಂದೇ ಕಡೆಗೆ ಬಾಗಿ ಏಳುತ್ತವೆ, ಅಲೆ ಓಡುತ್ತದೆ. ನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಹೀಗೆಯೇ ಗರ್ಭಕೋಶದ ಕಡೆಗೆ ಬೀಸುತ್ತವೆ. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು, ಇಂಟರ್‌ಲ್ಯೂಕಿನ್-1ರಂಥ ರಾಸಾಯನಿಕಗಳು ಈ ಹೊಲದಲ್ಲಿ ದನ ನುಗ್ಗಿದಂತೆ ತೇಪೆ ತೇಪೆಯಾಗಿ ತೆನೆ ತುಳಿಯುತ್ತವೆ. ನಾಳದ ಸ್ನಾಯುಗಳಿಗೆ ತಾಳ ಹಾಕುವ ಕೋಶಗಳೂ ಸಾಯುತ್ತವೆ. ಕ್ಲಾಮಿಡಿಯಾ ತಗುಲಿಸಿದ ಇಲಿಗಳಲ್ಲಿ ಇದನ್ನು ಕಂಡಿದ್ದಾರೆ. ಉರಿಯೂತದಲ್ಲಿ ಹೆಚ್ಚುವ ನೈಟ್ರಿಕ್ ಆಕ್ಸೈಡ್ ಆ ಸ್ನಾಯುಗಳನ್ನು ಸಡಿಲಿಸುತ್ತದೆ.

ಇಷ್ಟಾದರೂ ನನ್ನ ಪ್ರಶ್ನೆ ಮುಗಿಯುವುದಿಲ್ಲ. ಭ್ರೂಣ ತಡವಾಯಿತು, ಸರಿ. ಅದು ಅಲ್ಲಿ ಬೇರೂರಿದ್ದೇಕೆ? ಬಸ್ ತಪ್ಪಿಸಿಕೊಂಡವನು ಬಸ್ ನಿಲ್ದಾಣದಲ್ಲೇ ಮನೆ ಕಟ್ಟುವುದಿಲ್ಲ.

ಉತ್ತರ ಇನ್ನೊಂದು ಉರಿಯೂತದಲ್ಲಿದೆ. ಗರ್ಭಕೋಶದ ಗೋಡೆಗೆ ಭ್ರೂಣ ಅಂಟುವುದೂ ಒಂದು ಬಗೆಯ ಉರಿಯೂತವೇ. ಗರ್ಭಕೋಶ ತಿಂಗಳಲ್ಲಿ ಕೆಲವೇ ದಿನ 'ಲಿಫ್' ಎಂಬ ಪ್ರೋಟೀನು, ಇಂಟರ್‌ಲ್ಯೂಕಿನ್‌ಗಳು ಮುಂತಾದ ಸಂಕೇತಗಳನ್ನು ಹೊರಹಾಕಿ ಸಜ್ಜಾಗುತ್ತದೆ. ಹಂದರ ಹಾಕಿ, ತೋರಣ ಕಟ್ಟಿ ಕಾಯುವ ಮದುವೆಮನೆಯಂತೆ. ಆರೋಗ್ಯವಂತ ನಾಳದಲ್ಲಿ ಈ ಸಡಗರ ಇರುವುದಿಲ್ಲ. ಉರಿಯೂತ ಹತ್ತಿದ ನಾಳವೋ, ಸೋಂಕಿನ ವಿರುದ್ಧ ಹೋರಾಡುವ ಗಡಿಬಿಡಿಯಲ್ಲಿ, ಅವೇ ತೋರಣಗಳನ್ನು ತನ್ನ ಬಾಗಿಲಿಗೆ ಕಟ್ಟಿಬಿಡುತ್ತದೆ. ಕ್ಲಾಮಿಡಿಯಾ ತಗುಲಿದ ನಾಳದಲ್ಲಿ, ಭ್ರೂಣ ಬೇರೂರಲು ನೆರವಾಗುವ ಪ್ರೊಕಿನೆಟಿಸಿನ್ ಎಂಬ ಸಂಕೇತವನ್ನು ಹಿಡಿಯುವ ಗ್ರಾಹಕವೊಂದು ಹೆಚ್ಚುತ್ತದೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸಿಗರೇಟಿನ ನಿಕೋಟಿನ್ ದೇಹದಲ್ಲಿ ಒಡೆದು ಹುಟ್ಟುವ ಕೊಟಿನಿನ್ ಅದರ ಸೋದರ ಗ್ರಾಹಕವನ್ನು ಹೆಚ್ಚಿಸುತ್ತದೆ. ಆರನೆಯ ದಿನದ ಹೊತ್ತಿಗೆ ಅಂಟಲು ಸಿದ್ಧವಾಗುವ ಭ್ರೂಣ ಇನ್ನೂ ನಾಳದಲ್ಲೇ ಇದೆ. ಎದುರಿಗೆ ತೋರಣ ಕಾಣುತ್ತಿದೆ. ಹೊರಟ ಮನೆ ಇದಲ್ಲವೆಂದು ಅದಕ್ಕೆ ಹೇಳುವವರಾರು?

ಇದೆಲ್ಲ ಪೂರ್ತಿ ಬಗೆಹರಿದ ವಿಷಯವೆಂದು ತಿಳಿಯಬೇಡಿ. ಇಲಿ, ಮೊಲ, ಹಸುಗಳಲ್ಲಿ ನಾಳದ ಬಸಿರು ಇಲ್ಲವೆನ್ನುವಷ್ಟು ವಿರಳ, ಹೀಗಾಗಿ ಪ್ರಯೋಗ ಕಷ್ಟ. ನೂರು ಬಸಿರಿನಲ್ಲಿ ಒಂದೆರಡು ಹೀಗೆ ದಾರಿ ತಪ್ಪುತ್ತವೆ, ಆ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಹಿಂದಿನ ಸೋಂಕು, ಶಸ್ತ್ರಚಿಕಿತ್ಸೆ ಯಾವುದೂ ಪತ್ತೆಯಾಗುವುದಿಲ್ಲ. ಈಳಿಗೆ ಹುಡುಕುವವರಂತೆ "ನಿನಗೆಲ್ಲಿಂದ ಸೋಂಕು ಬಂತು" ಎಂದು ಸೊಸೆಯನ್ನು ಜಾಲಾಡುವವರಿಗೂ ಈ ಲೆಕ್ಕ ಗೊತ್ತಿರಲಿ. 'ಆಪರೇಷನ್' ಆಗಿದೆ, ಬಸಿರು ಹೇಗಾದೀತು ಎನ್ನುವವರಿಗೂ ಒಂದು ಮಾತು: ಆ ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾಗುವುದು ಅಪರೂಪ, ಆದರೆ ವಿಫಲವಾದಾಗ ಬಸಿರು ನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು.

ಇಂಗ್ಲೆಂಡಿನ ಶಸ್ತ್ರವೈದ್ಯ ಲಾಸನ್ ಟೇಟ್ 1883ರಲ್ಲಿ ಒಡೆದ ನಾಳವನ್ನು ತೆಗೆದು ರೋಗಿಯನ್ನು ಉಳಿಸುವವರೆಗೆ ವೈದ್ಯರು ಬಹುಪಾಲು ಕೈಕಟ್ಟಿ ನಿಂತಿದ್ದರು. ಈಗ ಬೇಗ ಗೊತ್ತಾದರೆ ಹಲವರಿಗೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದೇ ಸಾಕು. ತಡವಾದರೆ ನಾಳ ಒಡೆದು ರಕ್ತ ಹೊಟ್ಟೆಯೊಳಗೆ ಹರಿಯುತ್ತದೆ. ಆ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಗೆ ತಾಗಿದಾಗ ನೋವು ಕಾಣಿಸಿಕೊಳ್ಳುವುದು ಭುಜದ ತುದಿಯಲ್ಲಿ, ಏಕೆಂದರೆ ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಬುಡದಿಂದ ಹೊರಟಿವೆ. ಮುಟ್ಟು ನಿಂತು ಒಂದೂವರೆ ತಿಂಗಳಾದ ಹೆಂಗಸು, ಕೆಳಹೊಟ್ಟೆಯ ಒಂದು ಬದಿ ನೋಯುತ್ತಿದೆ, ತಲೆ ಸುತ್ತುತ್ತಿದೆ, ಭುಜ ಹಿಡಿದಿದೆ ಎಂದಾಗ ಭುಜಕ್ಕೆ ಎಣ್ಣೆ ತಿಕ್ಕುತ್ತಾ ಕೂರಬಾರದು. ಆಗ ಬೇಕಾದದ್ದು ಆಂಬುಲೆನ್ಸು.