ವಾಂತಿಯಾದರೆ ದೋಸೆಯನ್ನೇ ಏಕೆ ಬಯ್ಯುತ್ತೀರಿ?

ದಾವಣಗೆರೆಯಲ್ಲಿ ಬಿಸಿಲು ಏರುತ್ತಿದ್ದಂತೆ ನನ್ನ ಕ್ಲಿನಿಕ್ಕಿಗೆ ವಾಂತಿ-ಭೇದಿಯವರು ಬರತೊಡಗುತ್ತಾರೆ. ಹೋದ ವಾರ ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಎತ್ತಿಕೊಂಡೇ ಬಂದರು. "ನಿನ್ನೆ ಸಂಜೆ ಹೋಟೆಲಿನಾಗ ಬೆಣ್ಣೆ ದೋಸೆ ತಿಂದಿದ್ದ ಸರ್, ಅದ್ರಿಂದಾನೇ ಆಗೇತಿ."

"ಬೆಳಿಗ್ಗೆ ಏನು ಕೊಟ್ಟಿರಮ್ಮ?"

"ರಾತ್ರಿ ಅನ್ನ ಉಳಿದಿತ್ತು, ಚಿತ್ರಾನ್ನ ಮಾಡಿದ್ದೆ."

ಚಿತ್ರಾನ್ನ ತಿಂದ ಎರಡು ಗಂಟೆಗೆ ವಾಂತಿ ಶುರುವಾಗಿತ್ತು. ನನ್ನ ಅನುಮಾನ ಹೋಗಿದ್ದು ಆ ಅನ್ನದ ಮೇಲೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಕುದಿದರೂ ಅವು ಸಾಯುವುದಿಲ್ಲ. ಪಾತ್ರೆಗೆ ಮುಚ್ಚಳ ಹಾಕಿ ರಾತ್ರಿಯಿಡೀ ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟರೆ, ಆ ಬೆಚ್ಚಗಿನ ಅನ್ನದಲ್ಲೇ ಮೊಳೆತು, ಬೆಳೆದು, ವಿಷ ಬಿಡುತ್ತವೆ. ಬೆಳಿಗ್ಗೆ ಒಗ್ಗರಣೆಯಲ್ಲಿ ಎಷ್ಟು ಬಾಡಿಸಿದರೂ ಆ ವಿಷ ಹೋಗದು. ಮೂಸಿ ನೋಡಿದರೂ ಗೊತ್ತಾಗುವುದಿಲ್ಲ. ಇದರ ವಾಂತಿ ತಿಂದ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ಬರುತ್ತದೆ. ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆದರೆ ಮೂರು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು. ಅದಕ್ಕೇ ನಾನು ಮೂರು ದಿನದ ಊಟ-ತಿಂಡಿ ಎಲ್ಲ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಾಗಂತ ಹೋಟೆಲಿನದೆಲ್ಲ ಚೊಕ್ಕ ಎನ್ನಲಾರೆ. ಕಾದ ಹಂಚಿನಿಂದ ನೇರ ತಟ್ಟೆಗೆ ಬೀಳುವ ದೋಸೆಯ ಭಯ ನನಗಿಲ್ಲ. ನಾನು ನೋಡುವುದು ಪಕ್ಕದ ಚಟ್ನಿ. ಹಸಿ ಕಾಯಿ, ಕಾಯಿಸದ ನೀರು, ಬೆಳಿಗ್ಗೆ ರುಬ್ಬಿ ಮಧ್ಯಾಹ್ನದವರೆಗೆ ಬಕೆಟ್ಟಿನಲ್ಲಿ ಕುಳಿತದ್ದು, ಅದರೊಳಗೆ ಹತ್ತು ಕೈ ಆಡಿದ ಸೌಟು. ಸಂಜೆಯ ಮಂಡಕ್ಕಿಗೆ ಉದುರಿಸುವ ಈರುಳ್ಳಿ, ಕೊತ್ತಂಬರಿಯನ್ನೂ ಆಗಷ್ಟೇ ಹೆಚ್ಚಿದ್ದಾರೆಯೇ ಎಂದು ನೋಡಿ. ಮಿರ್ಚಿ ಕರಿಯುವ ಎಣ್ಣೆ ಕಪ್ಪಗೆ, ಜಿಗುಟಾಗಿ, ನೊರೆ ಬರುತ್ತಿದ್ದರೆ ಎದ್ದು ಬನ್ನಿ.

ಮನೆಯಲ್ಲಿ ಅನ್ನ ಉಳಿದರೆ ಅಗಲ ತಟ್ಟೆಗೆ ಹರವಿ. ಬೇಗ ಆರುತ್ತದೆ. ಮಾಡಿದ ಎರಡು ಗಂಟೆಯೊಳಗೆ, ನಮ್ಮ ಬೇಸಿಗೆಯಲ್ಲಿ ಒಂದೇ ಗಂಟೆಯೊಳಗೆ, ಫ್ರಿಜ್ಜಿಗೆ ಸೇರಲಿ. ಮರುದಿನ ಹೊಗೆಯಾಡುವಷ್ಟು ಬಿಸಿ ಮಾಡಿ, ಒಮ್ಮೆಗೇ ಮುಗಿಸಿ. ಫ್ರಿಜ್ ಇಲ್ಲದವರು ರಾತ್ರಿಗೆ ಅಳತೆ ನೋಡಿ ಒಂದು ಹಿಡಿ ಕಡಿಮೆ ಇಡಿ.

ಆ ಹುಡುಗನಿಗೆ ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಕಲಸಿ, ಚಮಚ ಚಮಚವಾಗಿ ಕುಡಿಸಲು ಹೇಳಿದೆ. ಉಚ್ಚೆ ಕಡಿಮೆಯಾದರೆ, ಕಣ್ಣು ಗುಳಿ ಬಿದ್ದರೆ ತಡಮಾಡದೆ ಬನ್ನಿ ಎಂದೆ. ತಾಯಿ ತಲೆಯಾಡಿಸುತ್ತಿದ್ದವರು ಥಟ್ಟನೆ ಮೊಬೈಲ್ ತೆಗೆದರು. ಗಂಡನ ಬುತ್ತಿಗೂ ಅದೇ ಚಿತ್ರಾನ್ನ ಕಟ್ಟಿದ್ದರಂತೆ. "ರೀ, ಡಬ್ಬಿ ಬಿಚ್ಚಬ್ಯಾಡ್ರಿ."